ಟ್ರಿಪ್ ಆಗದ ಹೊತ್ತು

ಮೂರನೆಯ ಪಿರಿಯಡ್ಡಿನ ನಡುವೆ, ಹನ್ನೊಂದು ಗಂಟೆ ಏಳು ನಿಮಿಷಕ್ಕೆ, ಕಸ್ತೂರಿಯ ತಲೆಯೊಳಗೆ ಎದ್ದ ಉಬ್ಬರವೊಂದು ಅರ್ಧ ಸೆಕೆಂಡಿನಲ್ಲಿ ಅಡಗಿತು. ಎದ್ದದ್ದೂ ಅಡಗಿದ್ದೂ ಅವಳಿಗೆ ತಿಳಿಯಲಿಲ್ಲ. ಒಂದೇ ಬೆಂಚಿನಲ್ಲಿ ಕುಳಿತ ಗೆಳತಿಯರಿಗೂ ತಿಳಿಯಲಿಲ್ಲ. ಬಲಗಿವಿಯ ಹಿಂದೆ, ಚರ್ಮದ ಕೆಳಗೆ, ಹುಣಸೆಬೀಜದ ಗಾತ್ರದ ಉಪಕರಣವೊಂದು ತನ್ನ ಕೆಲಸ ಮಾಡಿ ಮತ್ತೆ ಸುಮ್ಮನಾಯಿತು. ಎಂಟು ವರ್ಷದ ಹುಡುಗಿ ಬೆಂಚಿನಿಂದ ಕೆಳಗೆ ಬೀಳಲಿಲ್ಲ, ನಾಲಿಗೆ ಕಚ್ಚಿಕೊಳ್ಳಲಿಲ್ಲ, ಯಾರೂ ಅವಳ ಕೈಗೆ ಕಬ್ಬಿಣದ ಕೀಲಿ ಹಿಡಿಸಲು ಓಡಿಬರಲಿಲ್ಲ. ಟೀಚರು ಹೇಳುತ್ತಿದ್ದ ಆನೆಯ ಕತೆ ನಿಲ್ಲದೆ ಸಾಗಿತು.

ಅಲ್ಲಿಂದ ಮೂರು ಕಿಲೋಮೀಟರ್ ದೂರ, ಕಪ್ಪತಗುಡ್ಡದ ತಪ್ಪಲಿನ ವಿದ್ಯುತ್ ಉಪಕೇಂದ್ರದಲ್ಲಿ, ಆಪರೇಟರ್ ದಾಕ್ಷಾಯಣಿಯ ಕೈಪಟ್ಟಿ ಎರಡು ಸಲ ಮಿಡಿಯಿತು. ಕಸ್ತೂರಿ ಅವಳ ಒಬ್ಬಳೇ ಮಗಳು; ಆ ಉಪಕರಣ ಕೆಲಸ ಮಾಡಿದಾಗಲೆಲ್ಲ ಪಟ್ಟಿ ಮಿಡಿಯುತ್ತಿತ್ತು. ದಾಕ್ಷಾಯಣಿ ಹನ್ನೊಂದರ ರೀಡಿಂಗ್ ಬರೆಯುವುದನ್ನು ಮುಗಿಸಿ, ಮೇಜಿನ ಡ್ರಾಯರಿನಿಂದ ಇನ್ನೊಂದು ಲಾಗ್ ಶೀಟ್ ತೆಗೆದಳು. ಅದೂ ಸ್ಟೇಶನ್ನಿನದೇ ಹಾಳೆ. ಆದರೆ ಮೇಲೆ ಫೀಡರ್ ಲೈನಿನ ಹೆಸರಿರಬೇಕಾದ ಕಡೆ ಮಗಳ ಹೆಸರಿತ್ತು. ದಿನಾಂಕ, ವೇಳೆ ಬರೆದು ಕೊನೆಯ ಕಾಲಂ ಖಾಲಿ ಬಿಟ್ಟಳು. ಸಂಜೆ ಶಾಲೆಯ ಗೇಟಿನಲ್ಲಿ ಟೀಚರನ್ನು ಕೇಳಿ ಅದನ್ನೂ ತುಂಬಿದಳು: "ಆನೆ ಕತೆ. ಎಲ್ಲರೂ ನಗುತ್ತಿದ್ದರು."

ಆ ಕಾಲಮ್ಮಿನ ಹೆಸರು ಷರಾ. ಯಾವ ಬ್ರೇಕರ್ ಟ್ರಿಪ್ ಆಗಿ ಲೈನು ಕಡಿದುಕೊಳ್ಳಲಿ, ಷರಾ ಬರೆಯದೆ ಡ್ಯೂಟಿ ಬಿಡುವಂತಿಲ್ಲ ಎಂಬುದು ಉಪಕೇಂದ್ರದ ಕಟ್ಟಳೆ. ತಂತಿಯ ಮೇಲೆ ಕೊಂಬೆ ಬಿತ್ತು, ಮಂಗ ಜಿಗಿಯಿತು, ಗಾಳಿಪಟದ ದಾರ ಸಿಕ್ಕಿತು. ಏನೂ ಹೊಳೆಯದಿದ್ದರೆ "ಕಾರಣ ತಿಳಿಯಲಿಲ್ಲ" ಎಂದಾದರೂ ಬರೆಯಬೇಕು. ಹತ್ತು ವರ್ಷ ಅದನ್ನೇ ಮಾಡಿದ ಕೈ ಮಗಳ ವಿಷಯದಲ್ಲೂ ಅದನ್ನೇ ಮಾಡುತ್ತಿತ್ತು. ಆಸ್ಪತ್ರೆಯವರು ಅವಳಿಗೆ ಹೀಗೆ ಬರೆದಿಡಲು ಹೇಳಿರಲಿಲ್ಲ. ಉಪಕರಣವೇ ಪ್ರತಿಯೊಂದನ್ನೂ ಹುಬ್ಬಳ್ಳಿಗೆ ತಾನಾಗಿ ಕಳಿಸುತ್ತಿತ್ತು.

ಉಪಕರಣದ ಹೆಸರು ಶಾಮಕ. ಅದು ಬರುವ ಮೊದಲು ಕಸ್ತೂರಿಗೆ ವಾರಕ್ಕೆ ಮೂರು ಸಲ ಮೂರ್ಛೆ ಬರುತ್ತಿತ್ತು. ಗದ್ದಕ್ಕೆ ಏಳು ಹೊಲಿಗೆ ಬಿದ್ದಿದ್ದವು. ಒಮ್ಮೆ ನೀರಿನ ಹಂಡೆಯ ಹತ್ತಿರ ಬಿದ್ದಿದ್ದಳು, ಒಮ್ಮೆ ಬಸ್ಸಿನ ಮೆಟ್ಟಿಲ ಮೇಲೆ. ಔಷಧಗಳನ್ನೆಲ್ಲ ನೋಡಿಯಾಗಿತ್ತು. ದಾಕ್ಷಾಯಣಿ ಬಟ್ಟೆ ಒಗೆಯುವಾಗಲೂ ಒಂದು ಕಣ್ಣು ಬಾಗಿಲಿಗೇ ಇಟ್ಟಿರುತ್ತಿದ್ದಳು. ಗಂಡ ಫಕೀರೇಶ ಗಾಳಿಯಂತ್ರಗಳ ರೆಕ್ಕೆ ಸಾಗಿಸುವ ನೂರಡಿ ಉದ್ದದ ಟ್ರೇಲರಿನ ಚಾಲಕ. ತಾಸಿಗೆ ಇಪ್ಪತ್ತೇ ಕಿಲೋಮೀಟರ್ ಹೋಗುವ ಆ ಗಾಡಿಯಲ್ಲಿ ಗುಜರಾತಿನಿಂದ ಗದಗಿಗೆ, ಗದಗಿನಿಂದ ತಮಿಳುನಾಡಿಗೆ ತಿರುಗಾಡಿ, ತಿಂಗಳಿಗೊಮ್ಮೆ ಮನೆ ಕಾಣುತ್ತಿದ್ದ. ಗಾಡಿಯನ್ನು ಹೆದ್ದಾರಿಯ ಬದಿಗೆ ನಿಲ್ಲಿಸಿ ಮಧ್ಯಾಹ್ನ ಬಂದರೆ ಮರುದಿನ ಬೆಳಗ್ಗೆ ಹುಡುಗಿ ಏಳುವ ಮೊದಲೇ ಹೋಗಬೇಕು. ಹೀಗಾಗಿ ಮಗಳು ಬೀಳುವುದನ್ನು ಅವನು ಕಂಡದ್ದು ಎರಡೇ ಸಲ. ಎರಡನೆಯ ಸಲ ಕಂಡ ಮೇಲೆ, ಸಾಲ ಎತ್ತಿದರೂ ಸರಿ, ಆ ಯಂತ್ರ ಕೂಡಿಸೋಣ ಎಂದವನು ಅವನೇ. ಸಾಲ ಬೇಕಾಗಲಿಲ್ಲ, ಹುಬ್ಬಳ್ಳಿಯ ನರವಿಜ್ಞಾನ ಸಂಸ್ಥೆಯೊಂದು ಮುನ್ನೂರನಲವತ್ತು ಮಕ್ಕಳಿಗೆ ಪ್ರಯೋಗವಾಗಿ ಅದನ್ನು ಕೂಡಿಸುತ್ತಿತ್ತು.

ಶಾಮಕವನ್ನು ರೂಪಿಸಿದ ಡಾಕ್ಟರ್ ಇಂದುಧರ ಐವತ್ತು ದಾಟಿದ, ಮೆಲ್ಲಗೆ ಮಾತಾಡುವ ಮನುಷ್ಯ. ಪ್ರತಿ ಮಗುವಿನ ತಂದೆತಾಯಿಗೂ ಎಲ್ಲವನ್ನೂ ಬಿಡಿಸಿ ಹೇಳಬೇಕೆಂಬುದು ಅವನ ಹಟ. ಹದಿನಾಲ್ಕು ತಿಂಗಳ ಹಿಂದೆ ದಾಕ್ಷಾಯಣಿಗೂ ಹೇಳಿದ್ದ.

ಮಿದುಳಿನ ನರಕೋಶಗಳು ಒಂದನ್ನೊಂದು ಮುಟ್ಟಿಕೊಂಡಿರುವುದಿಲ್ಲ. ನಡುವೆ ಕೂದಲೆಳೆಯ ದಪ್ಪದ ಕೆಲವು ಸಾವಿರದಲ್ಲೊಂದು ಪಾಲಿನಷ್ಟು ಸಂದು ಇರುತ್ತದೆ, ಅದೇ ನರಸಂಧಿ. ಸುದ್ದಿ ಈ ದಡದಿಂದ ಆ ದಡಕ್ಕೆ ದಾಟಬೇಕಾದರೆ ರಾಸಾಯನಿಕವೊಂದು ಹೊತ್ತೊಯ್ಯಬೇಕು. ಹಾಗೆ ಹೊರುವವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯುವುದು ಗ್ಲುಟಮೇಟ್. ಆ ದಡದ ಕೋಶದ ಮೈಮೇಲೆ ಸಣ್ಣ ಸಣ್ಣ ಬಾಗಿಲುಗಳಿವೆ. ಅವುಗಳಿಗೆ ಗ್ರಾಹಿಗಳು ಎನ್ನುತ್ತಾರೆ. ಗ್ಲುಟಮೇಟ್ ಬಂದು ತಟ್ಟಿದರೆ ಗ್ರಾಹಿ ತೆರೆಯುತ್ತದೆ, ಕೋಶ ಎಚ್ಚರಾಗುತ್ತದೆ, ಎಚ್ಚರಾದದ್ದು ಮುಂದಿನದನ್ನು ತಟ್ಟುತ್ತದೆ. ನಾವು ನೋಡುವುದು, ಕೇಳುವುದು, ಕೈ ಎತ್ತುವುದು ಎಲ್ಲ ಹೀಗೆಯೇ. ಆದರೆ ಒಂದು ಕಡೆಯ ಕೋಶಗಳೆಲ್ಲ ಒಟ್ಟಿಗೇ ತಟ್ಟತೊಡಗಿದರೆ, ತಟ್ಟಿಸಿಕೊಂಡವೆಲ್ಲ ಒಟ್ಟಿಗೇ ತಿರುಗಿ ತಟ್ಟಿದರೆ, ಆ ಉಬ್ಬರ ಮಿದುಳಿನ ತುಂಬ ಹಬ್ಬುತ್ತದೆ. ಮೈ ಸೆಟೆಯುತ್ತದೆ. ಅದೇ ಮೂರ್ಛೆ.

ಶಾಮಕದೊಳಗೆ ಗ್ಲುಟಮೇಟನ್ನು ತಡೆಯುವ ರೋಧಕವೊಂದನ್ನು ತುಂಬಿದ ಸಣ್ಣ ಚೀಲವಿತ್ತು. ಕಸ್ತೂರಿಯ ಮಿದುಳಿನಲ್ಲಿ ಉಬ್ಬರ ಹುಟ್ಟುತ್ತಿದ್ದದ್ದು ಕಿವಿಯ ಮೇಲ್ಭಾಗದ ಒಳಗೆ, ನೆನಪುಗಳು ಮೊದಲು ರೂಪುಗೊಳ್ಳುವ ಜಾಗಕ್ಕೆ ಅಂಟಿಕೊಂಡ ಒಂದು ಮೂಲೆಯಲ್ಲಿ. ಉಬ್ಬರದ ಮೊದಲ ಅಲೆ ಕಂಡ ಕೂಡಲೇ ಶಾಮಕ ಒಂದು ಹನಿಯ ಸಾವಿರದಲ್ಲೊಂದು ಪಾಲು ರೋಧಕವನ್ನು ಅಲ್ಲಿಗೆ ಬಿಡುತ್ತಿತ್ತು. ಅದು ಹೋಗಿ ಗ್ರಾಹಿಗಳಲ್ಲಿ ಕೂತುಬಿಡುತ್ತಿತ್ತು.

"ಕೀಲಿ ತೂತಿನ್ಯಾಗ ಕಡ್ಡಿ ಮುರದ ಹಾಕಿಧಾಂಗ," ಎಂದಿದ್ದ ಇಂದುಧರ. "ಎಷ್ಟ ತಟ್ಟಿದ್ರೂ ಬಾಗಿಲಾ ತಗಿಯೂದಿಲ್ಲ. ಒಂದೂವರೆ ತಾಸಿಗೆ ಕಡ್ಡಿ ತಾನ ಕರಗಿ ಹೋಗ್ತದ."

ದಾಕ್ಷಾಯಣಿ ಕೇಳಿದ್ದಳು: "ಬಾಗಿಲಾ ಹಾಕಿದ್ರ ಕಳ್ಳ ಅಷ್ಟ ಅಲ್ಲರಿ, ಬೀಗರೂ ಹೊರಗ ನಿಂದರ್ತಾರಲ್ಲ. ಆ ಒಂದೂವರೆ ತಾಸಿನ್ಯಾಗ ಒಳ್ಳೇದು ಏನರ ಬಂದ್ರ?"

ಪ್ರಶ್ನೆ ಅವನಿಗೆ ಹಿಡಿಸಿತ್ತು. ನಿಜ, ನೆನಪು ಕಟ್ಟುವುದಕ್ಕೂ ಅದೇ ಗ್ರಾಹಿಗಳು ಬೇಕು, ಆ ಹೊತ್ತಿನ, ಅದಕ್ಕೆ ಸ್ವಲ್ಪ ಮುಂಚಿನ ನೆನಪೂ ಉಳಿಯಲಿಕ್ಕಿಲ್ಲ, ಹುಡುಗಿ ಸ್ವಲ್ಪ ಮಂಕಾಗಿಯೂ ಕಾಣಬಹುದು ಎಂದು ಒಪ್ಪಿಕೊಂಡಿದ್ದ. ಆಮೇಲೆ ನಕ್ಕು, "ಆದ್ರ ಫಿಟ್ಸ್ ಬಂದ ಹೊತ್ತನ್ನ ನೆನಪ ಇಟಗೊಂಡು ಯಾರಿಗೇನ ಆಗಬೇಕಾಗೇದ ಹೇಳ್ರಿ ಅಕ್ಕಾರ?" ಎಂದಿದ್ದ. ದಾಕ್ಷಾಯಣಿಗೂ ಆ ಮಾತು ಸರಿ ಎನ್ನಿಸಿತ್ತು. ಸಹಿ ಹಾಕಿದ್ದಳು.

ಆ ಮೇಲಿನ ಹದಿನಾಲ್ಕು ತಿಂಗಳಲ್ಲಿ ಕಸ್ತೂರಿ ಒಂದು ಸಲವೂ ಬೀಳಲಿಲ್ಲ. ದಾಕ್ಷಾಯಣಿ ಕೂತು ಉಣ್ಣುವುದನ್ನು ಮತ್ತೆ ಕಲಿತಳು. ಮಗಳು ಶಾಂತಳಾದಳು, ಕೂಗಾಟ ಕಡಿಮೆಯಾಯಿತು, ಮಗ್ಗಿಗಳು ಒಂದೂ ತಪ್ಪುತ್ತಿರಲಿಲ್ಲ. ಹಾಡಿ ಕುಣಿದು ಕಲಿಸಿದ ಪದ್ಯಗಳು ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಎಲ್ಲ ಮಕ್ಕಳಿಗೂ ಎಲ್ಲ ವಿಷಯ ಬರುತ್ತದೆಯೇ ಎಂದುಕೊಂಡು ದಾಕ್ಷಾಯಣಿ ಅದನ್ನು ಬಿಟ್ಟಿದ್ದಳು.

ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಅಪ್ಪ ಮನೆಗೆ ಬಂದಾಗ ಕಸ್ತೂರಿ ಗೇಟಿನವರೆಗೆ ಓಡುತ್ತಿದ್ದಳು. ಓಡಿ ಹೋಗಿ ಅವನ ಕಾಲು ಹಿಡಿದವಳು, ಕರೆಂಟು ಹೋದ ಮೇಲೆ ನಿಧಾನವಾಗಿ ನಿಲ್ಲುವ ಫ್ಯಾನಿನಂತೆ, ನಿಮಿಷದೊಳಗೆ ಮೆತ್ತಗಾಗಿಬಿಡುತ್ತಿದ್ದಳು. ಅವನಿದ್ದಷ್ಟು ಹೊತ್ತೂ ಹಾಗೆಯೇ. ಮರುದಿನ ಎದ್ದು ಕೇಳುತ್ತಿದ್ದಳು: "ಅಪ್ಪ ಯಾವಾಗ ಬರ್ತಾನವ್ವಾ?"

ಬಂದು ಹೋದನಲ್ಲ ಎಂದರೆ ಸುಮ್ಮನೆ ಮುಖ ನೋಡುತ್ತಿದ್ದಳು. ಒಂದೇ ರಾತ್ರಿ ಇದ್ದು ಹೋಗುವ ಅಪ್ಪನ ಮೇಲೆ ಹುಡುಗಿಗೆ ಸಿಟ್ಟು, ಅದಕ್ಕೇ ಹೀಗೆ ಚುಚ್ಚುತ್ತಾಳೆ ಎಂದು ಗಂಡಹೆಂಡತಿ ಇಬ್ಬರೂ ತಿಳಿದರು. ಫಕೀರೇಶ ಅದನ್ನು ನಗೆಯಲ್ಲಿ ತೇಲಿಸಲು ನೋಡಿದ. ಫೋನಿನಲ್ಲಿ, "ನಿನ ಮಗಳ ಪಾಲಿಗೆ ನಾ ಊರ ದಾರ್ಯಾಗಿನ ಟೋಲ್ ಗೇಟ್ ಆಗೇನಿ ನೋಡ. ಹಾದು ಹೋಗ್ತಾಳ, ಮಾರಿ ನೋಡೂದಿಲ್ಲ," ಎಂದ. ಆದರೆ ಮುಂದಿನ ಸಲ ಬಂದಾಗ ಅವನು ಗೇಟಿನಲ್ಲಿ ಕೂಗಲಿಲ್ಲ. ಚಪ್ಪಲಿ ಬಿಟ್ಟು ನೆಂಟನಂತೆ ಮೆಲ್ಲಗೆ ಒಳಗೆ ಬಂದ.

ನಾಗರಪಂಚಮಿಗೆ ಅವನು ಹೇಗೋ ರಜೆ ಹೊಂದಿಸಿ, ಹಬ್ಬದ ದಿನ ಬೆಳಗ್ಗೆಯೇ ಬಂದ. ಕ್ವಾರ್ಟರ್ಸಿನ ಹಿಂದಿನ ಬೇವಿನ ಮರಕ್ಕೆ, ಗಾಡಿಯಲ್ಲಿ ರೆಕ್ಕೆ ಬಿಗಿಯುವ ಹಳದಿ ಹಗ್ಗದಿಂದಲೇ ಜೋಕಾಲಿ ಕಟ್ಟಿದ. ಮಣೆ ಇಟ್ಟು ಮಗಳನ್ನು ಕೂಡಿಸಿ ತೂಗಿದ. ಕಸ್ತೂರಿ ಒಂದು ಕೈಯಲ್ಲಿ ಶೇಂಗಾ ಉಂಡಿ ಹಿಡಿದು, ಕೊಂಬೆಯ ಎಲೆ ಕಾಲಿಗೆ ತಾಗುವಷ್ಟು ಮೇಲೆ ಹೋಗಿ ಕಿಲಕಿಲ ನಕ್ಕಳು. ಅಡಿಗೆಮನೆಯಲ್ಲಿ ಎಳ್ಳುಂಡಿ ಕಟ್ಟುತ್ತಿದ್ದ ದಾಕ್ಷಾಯಣಿಗೆ ಆ ನಗು ಕೇಳಿಸಿತು. ಹಿಂದೆಯೇ ಕೈಪಟ್ಟಿ ಮಿಡಿಯಿತು. ಬೆಲ್ಲ ಹತ್ತಿದ ಕೈಯನ್ನು ಒರೆಸಿಕೊಂಡು ಬರೆದಳು: "ಜೋಕಾಲಿ." ಅಂದು ಸಂಜೆಯೊಳಗೆ ಇನ್ನೂ ನಾಲ್ಕು ಸಲ ಬರೆದಳು. ಬೆಳಗಾಗುವಷ್ಟರಲ್ಲಿ ಫಕೀರೇಶ ಹೊರಟು ಹೋಗಿದ್ದ.

ಮರುದಿನ ಮಧ್ಯಾಹ್ನ ಕಸ್ತೂರಿ ಹಿತ್ತಲಿನಲ್ಲಿ ನಿಂತು, ಗಾಳಿಗೆ ತೂಗುತ್ತಿದ್ದ ಖಾಲಿ ಜೋಕಾಲಿಯನ್ನು ನೋಡುತ್ತಿದ್ದಳು.

"ಯವ್ವಾ, ಇದನ್ನ ಯಾರ ಕಟ್ಯಾರ?"

"ಯಾರ ಕಟ್ಟತಾರ? ನಿಮ್ಮಪ್ಪ."

"ಅಪ್ಪ ಬಂದಿಲ್ಲಲ್ಲ. ಈ ಸಲ ಪಂಚಮಿಗೂ ಬರಲಿಲ್ಲ ಅಂವ."

ಸತತ ಮೂರು ದಿನ ಹಬ್ಬದ ಕೆಲಸ, ನಡುವೆ ಡ್ಯೂಟಿ. ಮೇಲಾಗಿ, ಹೋಗುವಾಗ ಬಾಗಿಲಲ್ಲಿ ನಿಂತು ಮಲಗಿದ ಮಗಳನ್ನು ನೋಡುತ್ತಿದ್ದ ಗಂಡನ ಮುಖ. ದಾಕ್ಷಾಯಣಿಯ ಕೈ ಎದ್ದಿತು. "ಇನ್ನೊಮ್ಮಿ ಸುಳ್ಳ ಹೇಳಿದ್ರ ನೋಡ," ಎಂದು ಮಗಳ ಕೆನ್ನೆಗೆ ಹೊಡೆದಳು. ಕಸ್ತೂರಿ ಅತ್ತಳು. ಸಿಟ್ಟಿನಿಂದ ಅತ್ತಿದ್ದರೆ ದಾಕ್ಷಾಯಣಿಗೆ ಗೊತ್ತಾಗುತ್ತಿತ್ತು. ಮಗಳ ಸಿಟ್ಟಿನ ಅಳು ಅವಳಿಗೆ ಪರಿಚಿತ. ಇದು ದಾರಿ ತಪ್ಪಿದ ಮಗು ಅಳುವ ಅಳು. ಕೈಪಟ್ಟಿ ಮಿಡಿಯಲಿಲ್ಲ.

ಅದರ ಮರುದಿನ ತಲೆ ಬಾಚುವಾಗ ಕಸ್ತೂರಿ ತಾನಾಗಿ ಹೇಳಿದಳು: "ನಿನ್ನಿ ನೀ ನನ್ನ ಜೋಕಾಲಿ ಮುಂದ ಹೊಡದಿ. ಆವಾಗ ನಿನ್ನ ಕೈಯಾಗ ಹಿಟ್ಟಿತ್ತು." ಹೌದು, ಹಿಟ್ಟಿತ್ತು. ಕೆನ್ನೆಯ ಮೇಲೆ ಮೂಡಿದ್ದ ಹಿಟ್ಟಿನ ಬೆರಳುಗಳನ್ನು ದಾಕ್ಷಾಯಣಿಯೇ ಆಮೇಲೆ ಒರೆಸಿದ್ದಳು. ಹೊಡೆತ ಇಷ್ಟು ನಿಚ್ಚಳವಾಗಿ ನೆನಪಿರುವ ಹುಡುಗಿಗೆ ಹಿಂದಿನ ದಿನದ ಜೋಕಾಲಿ ನೆನಪಿಲ್ಲವೇ? ಬಾಚಣಿಗೆ ಕೂದಲಲ್ಲೇ ನಿಂತಿತು.

ಅಂದು ಸ್ಟೇಶನ್ನಿನಲ್ಲಿ ಅವಳು ಹದಿನಾಲ್ಕು ತಿಂಗಳ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಒಟ್ಟು ಎಂಬತ್ತೇಳು ಟ್ರಿಪ್. ಇಷ್ಟು ದಿನ ಅವಳು ನೋಡುತ್ತಿದ್ದದ್ದು ವೇಳೆಯ ಕಾಲಂ ಮಾತ್ರ. ಈಗ ಷರಾ ಕಾಲಮ್ಮಿನ ಮೇಲೆ ಬೆರಳಿಟ್ಟು ಕೆಳಗಿಳಿದಳು. ಅಪ್ಪ ಬಂದ. ಅಪ್ಪ ಹೆಗಲ ಮೇಲೆ ಕೂಡಿಸಿಕೊಂಡ. ಆಕಳು ಕರು ಹಾಕಿತು. ಮೊದಲ ಮಳೆ. ಗೆಳತಿಯ ಜೊತೆ ನಗು. ಅಪ್ಪ ಬಂದ. ಹೊಸ ಲಂಗ. ಅಪ್ಪ ಫೋನ್. ಆನೆ ಕತೆ. ಜ್ವರ ಬಂದಾಗ, ನಿದ್ದೆಯಲ್ಲಿದ್ದಾಗ, ಕಾರಣ ತಿಳಿಯದೆ ಆದವು ಒಂಬತ್ತು. ಉಳಿದ ಎಪ್ಪತ್ತೆಂಟೂ ಹುಡುಗಿ ಖುಷಿಯಾಗಿದ್ದ ಹೊತ್ತು. ಅದರಲ್ಲಿ ಮೂವತ್ತೆಂಟು ಅಪ್ಪ ಮನೆಯಲ್ಲಿದ್ದ ದಿನಗಳವು.

ಹಾಳೆ ನೋಡುತ್ತ ಅವಳಿಗೆ ಕೆಲಸಕ್ಕೆ ಸೇರಿದ ಮೊದಲ ವಾರ ನೆನಪಾಯಿತು. ರಿಪೇರಿಯಾಗಿ ಬಂದ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ವಿದ್ಯುತ್ ಕೊಟ್ಟಾಗಲೆಲ್ಲ ಕಾವಲಿಗಿಟ್ಟ ರಿಲೇ ಆ ವಿದ್ಯುತ್ತನ್ನು ಕಡಿದು ಹಾಕುತ್ತಿತ್ತು. ಒಳಗೆ ಏನೋ ಸುಟ್ಟಿದೆ ಎಂದು ಅವಳು ಹೆದರಿದ್ದಳು. ಆಗಿನ ಫೋರ್ಮನ್ ಬಡೇಸಾಬ್ ಬೀಡಿ ಆರಿಸಿ ಎದ್ದು ಬಂದು ರಿಲೇಯ ಸೆಟ್ಟಿಂಗ್ ನೋಡಿ ನಕ್ಕಿದ್ದ. ದೊಡ್ಡ ಟ್ರಾನ್ಸ್‌ಫಾರ್ಮರು ಮೊದಲ ಸಲ ವಿದ್ಯುತ್ ಕಂಡಾಗ ಒಮ್ಮೆಲೆ ಎಂಟ್ಹತ್ತು ಪಟ್ಟು ಎಳೆದುಕೊಳ್ಳುತ್ತದೆ. ತುಸು ಹೊತ್ತು ಮಾತ್ರ, ಆಮೇಲೆ ತಾನೇ ಇಳಿಯುತ್ತದೆ. ಗೊತ್ತಿಲ್ಲದ ರಿಲೇಗೆ ಅದು ಥೇಟ್ ಶಾರ್ಟ್ ಸರ್ಕಿಟ್ಟಿನಂತೆಯೇ ಕಾಣುತ್ತದೆ. "ಇದು ಫಾಲ್ಟ್ ಅಲ್ಲ ಬೇಟಿ," ಎಂದಿದ್ದ ಬಡೇಸಾಬ್, "ಎಚ್ಚರಾಗೂವಾಗ ಮೈ ಮುರೀತೈತಿ ಅಷ್ಟ. ಎಚ್ಚರಾಗಾಕ ಬಿಡಬೇಕು."

ಎರಡು ದಿನದ ನಂತರ ಅವಳು ಹುಬ್ಬಳ್ಳಿಯ ಸಂಸ್ಥೆಯಲ್ಲಿ ಇಂದುಧರನ ಎದುರು ಕುಳಿತಿದ್ದಳು. ಅವನು ಪರದೆಯ ಮೇಲೆ ಕಸ್ತೂರಿಯ ದಾಖಲೆ ತೆರೆದು ತೋರಿಸಿದ. ಎಂಬತ್ತೇಳು ಉಬ್ಬರ, ಎಂಬತ್ತೇಳು ಶಮನ. ಒಂದೂ ತಪ್ಪಿರಲಿಲ್ಲ. ಮುನ್ನೂರನಲವತ್ತು ಮಕ್ಕಳಲ್ಲಿ ಇಷ್ಟು ಒಳ್ಳೆಯ ಫಲಿತಾಂಶ ಹತ್ತು ಮಕ್ಕಳದೂ ಇಲ್ಲ ಎಂದು ಹೇಳಿ ಅವಳ ಮುಖ ನೋಡಿದ. ಅವಳು ಹಿಗ್ಗಲಿಲ್ಲ. ತನ್ನ ಹಾಳೆಗಳನ್ನು ಅವನ ಕಡೆ ತಿರುಗಿಸಿ ಇಟ್ಟಳು.

ಇಂದುಧರ ಮೊದಲು ಸೌಜನ್ಯಕ್ಕೆ ಓದಿದ. ಎರಡನೆಯ ಹಾಳೆಗೆ ಕನ್ನಡಕ ತೆಗೆದು ಒರೆಸಿಕೊಂಡ. ನಾಲ್ಕನೆಯ ಹಾಳೆಗೆ ಬಂದಾಗ ಪರದೆಯ ವೇಳೆಯನ್ನೂ ಹಾಳೆಯ ವೇಳೆಯನ್ನೂ ಒಂದೊಂದಾಗಿ ಹೊಂದಿಸಿ ನೋಡತೊಡಗಿದ. ಹೊರಗೆ ಕಾಯುತ್ತಿದ್ದ ಇನ್ನೊಬ್ಬರನ್ನು ಕಳಿಸಲೇ ಎಂದು ನರ್ಸ್ ಕೇಳಿದ್ದಕ್ಕೆ ತಲೆಯನ್ನೂ ಎತ್ತಲಿಲ್ಲ.

"ಸರ್," ಎಂದಳು ದಾಕ್ಷಾಯಣಿ, "ನಿಮ್ಮ ಯಂತ್ರ ಟ್ರಿಪ್ ಆಗಿದ್ದು ಅಷ್ಟ ಬರದೈತಿ. ಯಾಕ ಆತು ಅನ್ನೂದು ಬರದಿಲ್ಲ. ನಮ್ಮ ಸ್ಟೇಶನ್ದಾಗ ಹಿಂಗ ಬರದ್ರ ಮೆಮೋ ಕೊಡ್ತಾರ್ರಿ."

ಅವನು ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟ. ಆಮೇಲೆ ಹೇಳಿದ್ದರಲ್ಲಿ ಮುಚ್ಚುಮರೆ ಇರಲಿಲ್ಲ. ಶಾಮಕ ತಾನೇ ಕಲಿಯುವ ಯಂತ್ರ. ಉಬ್ಬರವನ್ನು ಎಷ್ಟು ಬೇಗ ಹಿಡಿದರೆ ಅಷ್ಟು ಗೆಲುವು ಎಂದು ಅದಕ್ಕೆ ಹೇಳಿಕೊಟ್ಟಿದ್ದರು. ಅದು ಮಿತಿಯನ್ನು ಇಳಿಸುತ್ತ, ಇಳಿಸುತ್ತ ಬಂದಿತ್ತು. ತೀವ್ರವಾದ ಸಂತೋಷದಲ್ಲೂ ಆ ಮೂಲೆಯ ಕೋಶಗಳು ಒಟ್ಟಿಗೆ ತಟ್ಟುತ್ತವೆ. ಹಾಗೆ ತಟ್ಟಿದಾಗಲೇ ನೆನಪಿನ ಗಂಟು ಬಿಗಿಯಾಗಿ ಬೀಳುವುದು. ಮೊದಲ ಅರ್ಧ ಸೆಕೆಂಡಿನಲ್ಲಿ ಅದಕ್ಕೂ ಮೂರ್ಛೆಗೂ ಹೆಚ್ಚಿನ ವ್ಯತ್ಯಾಸವೇ ಕಾಣುವುದಿಲ್ಲ. ಶಾಮಕ ಅದನ್ನೂ ಅಡಗಿಸಿ, ಹುಡುಗಿ ಬೀಳದ್ದನ್ನು ಕಂಡು, ತಾನು ಗೆದ್ದೆನೆಂದು ಬರೆದುಕೊಂಡಿತ್ತು. ಹೊಡೆತದ ಅಳು ಬೇರೆ ತೆರನಾಗಿ ಏರುತ್ತದೆ; ಅದನ್ನು ಅದು ಮುಟ್ಟಿರಲಿಲ್ಲ.

"ಬಾರದೇ ಇದ್ದ ಫಿಟ್ಸನ್ನ ಹ್ಯಾಂಗ ಎಣಸೂದು ಅನ್ನೂದನ್ನ ನಾವು ವಿಚಾರನ ಮಾಡಲಿಲ್ಲ," ಎಂದ ಇಂದುಧರ. "ತಂದಿತಾಯಿ ಎಲ್ಲಾರೂ ಒಂದ ಮಾತ ಬರದಾರ ನೋಡ್ರಿ. ನಮ್ಮ ಮಗು ಭಾಳ ಶಾಂತ ಆಗೇದ ಅಂತ. ನಾನು ಅದನ್ನ ವರದಿಯ ಮೊದಲನೇ ಪುಟದಾಗ ಹಾಕಿಸಿದೆ."

ಹೋದ ನೆನಪು ತಿರುಗಿ ಬರುತ್ತದೆಯೇ ಎಂದು ಅವಳು ಕೇಳಿದಳು. ಎಲ್ಲಾದರೂ ಬಚ್ಚಿಟ್ಟಿದ್ದರೆ ಹುಡುಕಬಹುದಿತ್ತು, ಅವು ಕಟ್ಟಿಕೊಳ್ಳಲೇ ಇಲ್ಲ ಎಂದ ಅವನು. ಕಸ್ತೂರಿಯ ಪಾಲಿಗೆ ಕಳೆದ ಹದಿನಾಲ್ಕು ತಿಂಗಳಲ್ಲಿ ಅವಳ ಅಪ್ಪ ಮನೆಗೆ ಬಂದೇ ಇಲ್ಲ. ದಾಕ್ಷಾಯಣಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ಕೆಲಸದ ಮಾತಿನ ದನಿಯಲ್ಲಿ, ಟ್ರಾನ್ಸ್‌ಫಾರ್ಮರಿನ ಕತೆ ಹೇಳಿದಳು. ರಿಲೇ ಕಿತ್ತು ಹಾಕುವುದು ಬೇಡ. ಅದು ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋದೀತು. ಸ್ವಲ್ಪ ಕಾಯಲು ಕಲಿಸಬೇಕು. ಖರೇ ಫಾಲ್ಟ್ ಆಗಿದ್ದರೆ ಏರುತ್ತಲೇ ಹೋಗುತ್ತದೆ, ಎಚ್ಚರಾಗುವುದಾಗಿದ್ದರೆ ಇಳಿಯುತ್ತದೆ.

ಇಂದುಧರ ಪರದೆಯ ಕಡೆ ತಿರುಗಿ, ಕಸ್ತೂರಿಗೆ ಶಾಮಕ ಕೂಡಿಸುವ ಮೊದಲಿನ ಹಳೆಯ ಮೂರ್ಛೆಗಳ ಗೆರೆಗಳನ್ನು ತೆಗೆದು ಬಹಳ ಹೊತ್ತು ಅಳೆದ. ನಾಲ್ಕು ಸೆಕೆಂಡು ಎಂದ. ನಾಲ್ಕು ಸೆಕೆಂಡು ಕಾದರೆ ಎರಡನ್ನೂ ಬೇರೆ ಮಾಡಿ ಗುರುತಿಸಬಹುದು.

"ಆದ್ರ ಆ ನಾಕ ಸೆಕೆಂಡ್ ಆಕಿಗೆ ಯಾರೂ ಇರೂದಿಲ್ಲ ಅಕ್ಕಾರ. ಖರೇ ಫಿಟ್ಸ್ ಬಂದ್ರ ಬೀಳ್ತಾಳ. ಅಡಗಿಸಿ ಅಡಗಿಸಿ ಖರೇ ಫಿಟ್ಸ್ ಈಗ ಕಡಿಮಿ ಆಗ್ಯಾವ, ಮೊದಲಿನಂಗ ವಾರಕ್ಕ ಮೂರಲ್ಲ, ವರ್ಷಕ್ಕ ಏಳೆಂಟ ಸಲ ಬಿದ್ದಾಳು. ಎಲ್ಲೆ ಬೀಳ್ತಾಳ ಅಂತ ನಾ ಹೇಳಲಾರೆ."

ತಂದೆತಾಯಿ ಇಬ್ಬರೂ ಒಪ್ಪಬೇಕಿತ್ತು. ಫಕೀರೇಶ ಆಗ ಚಿತ್ರದುರ್ಗದ ಹತ್ತಿರ, ಗಾಳಿ ಜೋರಾಗಿದೆಯೆಂದು ಗಾಡಿ ನಿಲ್ಲಿಸಿ ರೆಕ್ಕೆಯ ನೆರಳಿನಲ್ಲಿ ಕುಳಿತಿದ್ದ. ದಾಕ್ಷಾಯಣಿ ಸಂಸ್ಥೆಯ ಅಂಗಳದಿಂದ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಮಗಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ ಎಂಬುದನ್ನು ಎರಡು ಸಲ ಹೇಳಿದಳು.

"ಬ್ಯಾಡ ಬಿಡ," ಎಂದ ಫಕೀರೇಶ. "ಸಿಟ್ಟ ಇಲ್ಲಲಾ, ಸಾಕ. ನನ್ನ ನೆನಪ ಇಲ್ಲಂದ್ರೂ ನಡೀತೈತಿ. ಆಕಿ ಬೀಳಬಾರದು."

"ನಿಮ್ಮ ನೆನಪ ಒಂದ ಅಲ್ಲರಿ," ಎಂದಳು ದಾಕ್ಷಾಯಣಿ. "ಆಕಿ ನಕ್ಕದ್ದು ಒಂದೂ ಆಕಿ ಹತ್ರ ಇಲ್ಲ. ನಾ ಹೊಡದದ್ದು ಐತಿ. ದೊಡ್ಡಾಕಿ ಆದಮ್ಯಾಲ ಹೊಳ್ಳಿ ನೋಡಿದ್ರ ಆಕೀಗಿ ಏನ ಕಾಣಬೇಕ್ರಿ? ಮಗ್ಗಿ, ಮತ್ತ ನನ್ನ ಕೈ?"

ಫಕೀರೇಶ, ಗದ್ದದ ಹೊಲಿಗೆ ಹಾಕುವಾಗ ತಾನು ಹೊರಗೆ ನಿಂತಿದ್ದೆ, ಒಳಗೆ ಬರಲಿಲ್ಲ, ನಿನಗೆ ನೆನಪಿದೆಯೇ ಎಂದು ಕೇಳಿದ. ನೆನಪಿದೆ ಎಂದಳು. ಇನ್ನು ಮುಂದೆ ಬಿದ್ದರೆ ಒಳಗೇ ಇರುತ್ತೇನೆ ಎಂದ. ಅದೇ ಅವನ ಒಪ್ಪಿಗೆ.

ಮಿತಿಯನ್ನು ಬದಲಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಉಬ್ಬರ ಏರುವುದೂ ಇಳಿಯುವುದೂ ಗೆರೆಯಾಗಿ ಕಾಣುವಂತೆ ದಾಕ್ಷಾಯಣಿಯ ಕೈಪಟ್ಟಿಯನ್ನೂ ಹೊಂದಿಸಿದರು. ಆ ತಿಂಗಳೇ ಇಂದುಧರ ಉಳಿದ ಮುನ್ನೂರಮೂವತ್ತೊಂಬತ್ತು ಮನೆಗಳಿಗೂ ಪತ್ರ ಬರೆದು, ಪ್ರತಿ ಟ್ರಿಪ್ಪಿನ ಎದುರಿಗೆ ಮಗು ಏನು ಮಾಡುತ್ತಿತ್ತು ಎಂದು ಬರೆದು ಕಳಿಸಲು ಕೇಳಿದ. ಪತ್ರದಲ್ಲಿ ಆ ಕಾಲಮ್ಮಿಗೆ ಷರಾ ಎಂದೇ ಹೆಸರಿಟ್ಟಿದ್ದ.

ಮನೆಗೆ ಬಂದ ದಿನ ದಾಕ್ಷಾಯಣಿ ಮಗಳನ್ನು ಜೋಕಾಲಿಯ ಮೇಲೆ ಕೂಡಿಸಿ, ಅವತ್ತು ನೀನು ಸುಳ್ಳು ಹೇಳಿರಲಿಲ್ಲ ಎಂದಳು. "ಹೂಂ, ಹೇಳಿದ್ದಿಲ್ಲ," ಎಂದಳು ಕಸ್ತೂರಿ, ಇದು ತನಗೆ ಮೊದಲೇ ಗೊತ್ತಿತ್ತು ಎನ್ನುವಂತೆ. ತಪ್ಪು ನನ್ನದು ಎಂದು ತಾಯಿ ಹೇಳಿದ್ದಕ್ಕೆ ಅವಳು ಯೋಚಿಸಿ, ಹಾಗಿದ್ದರೆ ಎರಡು ಉಂಡಿ ಕೊಡು ಎಂದಳು. ಕೈಪಟ್ಟಿಯ ಮೇಲೆ ಗೆರೆಯೊಂದು ಎದ್ದಿತು. ದಾಕ್ಷಾಯಣಿ ಹಗ್ಗ ಹಿಡಿದು ನಿಂತಳು. ಒಂದು, ಎರಡು, ಮೂರು. ಗೆರೆ ತಾನಾಗಿ ಇಳಿಯಿತು.

ಫಕೀರೇಶ ಮತ್ತೆ ಬಂದದ್ದು ದಸರೆಗೆ, ಬನ್ನಿ ಕೊಡುವ ಸಂಜೆ. ಕಸ್ತೂರಿ ಗೇಟಿನವರೆಗೆ ಓಡಿದಳು. ಹಿಂದೆ ದಾಕ್ಷಾಯಣಿಯೂ ಓಡಿದಳು, ಎರಡೂ ಕೈ ಮುಂದೆ ಚಾಚಿಕೊಂಡು, ಮನಸ್ಸಿನಲ್ಲೇ ಎಣಿಸುತ್ತ. ನಾಲ್ಕಕ್ಕೆ ಮುಟ್ಟುವ ಮೊದಲೇ ಗೆರೆ ಇಳಿಯಿತು. ಹುಡುಗಿ ಮೆತ್ತಗಾಗಲಿಲ್ಲ. ಮುಷ್ಟಿಯಲ್ಲಿ ಹಿಡಿದಿದ್ದ ಬನ್ನಿ ಎಲೆಯನ್ನು ಅಪ್ಪನ ಕೈಯಲ್ಲಿಟ್ಟು, ಶಾಲೆಯಲ್ಲಿ ಹೇಳಿಕೊಟ್ಟಂತೆ, ಬಂಗಾರದಂಗ ಇರೋಣು ಎಂದು ಹೇಳಿ ಕಾಲು ಮುಟ್ಟಿದಳು. ಮೀಸೆ ಯಾಕೆ ಬಿಟ್ಟೆ, ಚುಚ್ಚುತ್ತದೆ ಎಂದು ಜಗಳ ತೆಗೆದಳು. ಮೀಸೆ ಬಿಟ್ಟು ಒಂಬತ್ತು ತಿಂಗಳಾಗಿತ್ತು. ಫಕೀರೇಶ ಹೆಂಡತಿಯ ಕಡೆ ನೋಡಿದ.

ದೀಪಾವಳಿಗೆ ಅವನು ಬಂದಾಗ ಅದು ಆಯಿತು. ಗೇಟಿನಿಂದ ಅಪ್ಪನ ಕೂಗು ಕೇಳಿ ಕಸ್ತೂರಿ ಮೆಟ್ಟಿಲಿನಿಂದ ಓಡಿದಳು. ದಾಕ್ಷಾಯಣಿ ಎಣಿಸತೊಡಗಿದಳು. ಎರಡರ ಹೊತ್ತಿಗೆ ಗೆರೆ ಇಳಿಯಲಿಲ್ಲ. ಮೂರಕ್ಕೆ ಹುಡುಗಿಯ ಕಾಲು ಸೆಟೆದವು. ತಾಯಿ ಹತ್ತು ಹೆಜ್ಜೆ ಹಿಂದಿದ್ದಳು, ತಂದೆ ಹತ್ತು ಹೆಜ್ಜೆ ಮುಂದಿದ್ದ. ಇಬ್ಬರ ನಡುವೆ, ಗೇಟಿನ ಹತ್ತಿರದ ಕಲ್ಲಿನ ಮೇಲೆ ಮಗು ಬಿದ್ದಿತು. ನಾಲ್ಕಕ್ಕೆ ಶಾಮಕ ತನ್ನ ಕೆಲಸ ಮಾಡಿತು. ಹುಬ್ಬಿನ ಮೇಲೆ ಒಂದಂಗುಲ ಸೀಳಿ ರಕ್ತ ಕಣ್ಣಿಗಿಳಿಯುತ್ತಿತ್ತು. ಫಕೀರೇಶ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ನಡೆದ. ಐದು ಹೊಲಿಗೆ ಹಾಕುವಷ್ಟು ಹೊತ್ತೂ ಒಳಗೇ ನಿಂತು ಅವಳ ಪಾದ ಹಿಡಿದುಕೊಂಡಿದ್ದ. ಕಸ್ತೂರಿ ಮಂಕಾಗಿ ಸೂರು ನೋಡುತ್ತಿದ್ದಳು. ಮನೆಗೆ ಬರುವ ದಾರಿಯಲ್ಲೇ ಅವನ ಹೆಗಲ ಮೇಲೆ ನಿದ್ದೆ ಹೋದಳು. ನಾವು ಮಾಡಿದ್ದು ಸರಿಯೇ ಎಂದು ದಾರಿಯುದ್ದಕ್ಕೂ ಇಬ್ಬರಿಗೂ ಕೇಳಬೇಕೆನಿಸುತ್ತಿತ್ತು.

ಅವನು ಮರುದಿನ ಬೆಳಗ್ಗೆ ಹೊರಡಲಿಲ್ಲ. ಗಾಡಿಯ ಮಾಲೀಕನಿಗೆ ಫೋನ್ ಮಾಡಿ ಬೈಸಿಕೊಂಡು, ಹಾಸಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದ. ಎಂಟರ ಹೊತ್ತಿಗೆ ಕಸ್ತೂರಿ ಕಣ್ಣು ಬಿಟ್ಟಳು. ಹುಬ್ಬಿನ ಪಟ್ಟಿ ಮುಟ್ಟಿ ನೋಡಿಕೊಂಡಳು. ಇದು ಏನಾಯಿತು ಎಂದು ಅವಳಿಗೆ ಗೊತ್ತಿರಲಿಲ್ಲ; ಹಿಂದಿನ ಸಂಜೆಯ ಕೂಗು, ಗೇಟು, ಅಪ್ಪನ ಹೆಗಲು ಯಾವುದೂ ಅವಳಲ್ಲಿ ಉಳಿದಿರಲಿಲ್ಲ. ಆಮೇಲೆ ಪಕ್ಕಕ್ಕೆ ಹೊರಳಿ ಅಪ್ಪನನ್ನು ಕಂಡಳು.

"ಮತ್ತ ಬಂದೀ?" ಎಂದಳು. ಸ್ವಲ್ಪ ಹೊತ್ತು ಅವನ ಮುಖ ನೋಡಿ, "ಮೀಸಿ ತಗದಿಲ್ಲ ಇನ್ನೂ. ನಾ ಕೊಟ್ಟ ಬನ್ನಿ ಎಲ್ಲಿಟ್ಟಿ?"

ಫಕೀರೇಶ ಅಂಗಿಯ ಜೇಬಿನಿಂದ ಗಾಡಿಯ ಪರ್ಮಿಟ್ಟಿನ ಹಾಳೆ ತೆಗೆದು ಬಿಡಿಸಿದ. ಅದರ ಮಡಿಕೆಯಲ್ಲಿ ಒಣಗಿ ಕಂದಾದ ಬನ್ನಿಯ ಎಲೆಗಳಿದ್ದವು. ಕಸ್ತೂರಿ ಅವನ್ನು ಬೆರಳಿನಿಂದ ಎಣಿಸಿ, ಒಂದು ಎಲೆ ಕಡಿಮೆಯಿದೆ ಎಂದು ತಕರಾರು ಮಾಡಿದಳು.

ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಣಿ ಒಳಗೆ ಹೋಗಿ ಲಾಗ್ ಶೀಟ್ ತಂದಳು. ಹಿಂದಿನ ದಿನದ ಸಾಲಿನಲ್ಲಿ ಷರಾ ಇನ್ನೂ ಖಾಲಿ ಇತ್ತು. "ಖರೇ ಫಾಲ್ಟ್. ಐದು ಹೊಲಿಗೆ," ಎಂದು ಬರೆದಳು. ಷರಾದಲ್ಲಿ ಟ್ರಿಪ್ ಆದದ್ದನ್ನು ಮಾತ್ರ ಬರೆಯಬೇಕೆಂಬುದು ಸ್ಟೇಶನ್ನಿನ ಕಟ್ಟಳೆ. ಹತ್ತು ವರ್ಷದಲ್ಲಿ ಅವಳು ಅದನ್ನು ಮುರಿದಿರಲಿಲ್ಲ. ಕೆಳಗಿನ ಸಾಲಿನಲ್ಲಿ ದಿನಾಂಕ ಹಾಕಿ, ವೇಳೆ ಎಂಟು ಗಂಟೆ ಹತ್ತು ನಿಮಿಷ ಎಂದು ಬರೆದಳು. ಆ ಮೇಲೆ ಷರಾ:

"ಟ್ರಿಪ್ ಇಲ್ಲ. ಅಪ್ಪ ದಸರೆಗೆ ಬಂದಿದ್ದ."